ತೊಡೆಯಂತ್ರದ ಮೇಲೆ ಕೂತವರು ಯಾರು?

ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುವವರ ಪಾಲಿಗೆ ಮನುಷ್ಯರಲ್ಲಿ ಎರಡೇ ಜಾತಿ. ಟಿಕೆಟ್ ತೆಗೆದುಕೊಂಡವರು ಒಂದು, ಕಿಟಕಿಯಾಚೆ ನೋಡುವವರು ಇನ್ನೊಂದು. ನಮ್ಮ ಸಾಹೇಬರು (ಡಿಪೋದಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಬೆನ್ನ ಹಿಂದೆ ಏನು ಕರೆಯುತ್ತಿದ್ದರೆಂಬುದು ಇಲ್ಲಿ ಬೇಡ) ಈ ಕೆಲಸ ಮಾಡಿ ಮಾಡಿ, ಸೀಟಿನಲ್ಲಿ ಗೊರಕೆ ಹೊಡೆಯುವವನು ನಿಜವಾಗಿಯೂ ನಿದ್ದೆ ಹೋಗಿದ್ದಾನೆಂದು ನಂಬುವ ಶಕ್ತಿಯನ್ನೇ ಕಳೆದುಕೊಂಡಿದ್ದರು. ಮನೆಗೆ ಬಂದರೂ ಅದೇ ಕಥೆ. ತರಕಾರಿಯವನು "ಈಗ ಕಿತ್ತಿದ್ದು ಸಾರ್" ಎಂದರೆ ಸೊಪ್ಪನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರಲ್ಲ, ಇವರದು ಒಂದು ಹೆಜ್ಜೆ ಮುಂದೆ. ಹಳದಿ ಕಾಣದಿದ್ದರೆ ಅದನ್ನು ಯಾರು ಒರೆಸಿದರು ಎಂದು ಕೇಳುವ ಪೈಕಿ.

ಇಂಥವರ ಮನೆಗೆ ಆ ಯಂತ್ರ ಬರಬಾರದಿತ್ತು.

ಬಂದದ್ದಾದರೂ ಅವರಿಗಾಗಿಯೇ. ಬಸ್ಸು ಹತ್ತಿ ಇಳಿದು, ಇಳಿದು ಹತ್ತಿ ಅವರ ಮಂಡಿಗಳು ಹಣ್ಣಾಗಿದ್ದವು. ಮೂಳೆ ಡಾಕ್ಟರು ಮಂಡಿಯನ್ನು ತಟ್ಟಿ ನೋಡಿ, "ತಪ್ಪು ಇದರದಲ್ಲ, ತೊಡೇದು. ಒಳತೊಡೆ, ಹೊರತೊಡೆ ಎರಡೂ ಸೋತಿವೆ. ಅವನ್ನ ಗಟ್ಟಿ ಮಾಡಿ, ಮಂಡಿ ತಾನಾಗೇ ಸುಮ್ಮನಾಗುತ್ತೆ" ಎಂದರು. ನೋವು ಒಂದು ಕಡೆ, ದಂಡ ಇನ್ನೊಂದು ಕಡೆ! ಡಾಕ್ಟರಿಗೂ ಯಂತ್ರದ ಅಂಗಡಿಯವನಿಗೂ ಏನೋ ಒಳಗೊಳಗೆ ಇದೆ ಎಂದು ಸಾಹೇಬರು ಮೆಟ್ಟಿಲಿಳಿಯುವಾಗಲೇ ತೀರ್ಮಾನಿಸಿದರು. ಆದರೆ ಶ್ರೀಮತಿಯವರು ಬಿಡಲಿಲ್ಲ. ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಗೆ ಇಬ್ಬರು ಆಳುಗಳು ಉಸಿರು ಬಿಡುತ್ತಾ ಅದನ್ನು ಹೊತ್ತು ತಂದು ಮಲಗುವ ಕೋಣೆಯಲ್ಲಿ ಪ್ರತಿಷ್ಠಾಪಿಸಿದರು.

ಸಾಹೇಬರು ಅದಕ್ಕೆ ಊರುದ್ವಯ ಬಲವರ್ಧನ ಮಹಾಯಂತ್ರ ಎಂದು ಹೆಸರಿಟ್ಟರು. ಶ್ರೀಮತಿಯವರ ಬಾಯಲ್ಲಿ ಅದು ತೊಡೆಯಂತ್ರವಾಯಿತು. ಒಂದು ಕುರ್ಚಿ, ಅದರ ಮುಂದೆ ಮೆತ್ತೆ ಸುತ್ತಿದ ಎರಡು ರೆಕ್ಕೆ, ಪಕ್ಕದಲ್ಲಿ ಕಬ್ಬಿಣದ ಬಿಲ್ಲೆಗಳ ಗೋಪುರ. ರೆಕ್ಕೆಗಳನ್ನು ಮಂಡಿಯಿಂದ ಹೊರಕ್ಕೆ ತಳ್ಳಿದರೆ ಹೊರತೊಡೆಗೆ, ಒಳಕ್ಕೆ ಒತ್ತಿದರೆ ಒಳತೊಡೆಗೆ. ಬಿಲ್ಲೆಗಳಲ್ಲಿ ತೂತುಗಳಿದ್ದವು. ಮೇಲಿನ ತೂತಿಗೆ ಪಿನ್ನು ಸಿಕ್ಕಿಸಿದರೆ ಹಗುರ, ಕೆಳಗಿಳಿದಷ್ಟೂ ಭಾರ. ಸಾಹೇಬರದು ಎಲ್ಲಕ್ಕಿಂತ ಮೇಲಿನ ತೂತು.

"ರೀ, ಮುಖದಿಂದ ಯಾಕೆ ತಳ್ತೀರಿ? ಕಾಲಿಂದ ತಳ್ಳಿ" ಎಂದರು ಶ್ರೀಮತಿಯವರು ಬಾಗಿಲಲ್ಲಿ ನಿಂತು.

"ಕಾಲಿಂದಲೇ ತಳ್ತಿರೋದು. ಮುಖ ಜೊತೆಗೆ ಬರುತ್ತೆ."

"ಹಲ್ಲು ಯಾಕೆ ಕಚ್ಚಿದೀರಿ?"

"ನನ್ನ ಹಲ್ಲು, ನಾನು ಕಚ್ತೀನಿ. ನೀನು ಹೋಗು."

ಹೀಗೆ ಕೆಲವು ದಿನ ನಡೆಯಿತು. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದು ಕೂತು, ಎಂದಿನಂತೆ ತಳ್ಳಿದರೆ ಯಂತ್ರ ಅಲ್ಲಾಡಲಿಲ್ಲ. ಗೋಡೆಯನ್ನು ತಳ್ಳಿದ ಹಾಗಾಯಿತು. ಬಗ್ಗಿ ನೋಡಿದರೆ ಪಿನ್ನು ಎಲ್ಲಕ್ಕಿಂತ ಕೆಳಗಿನ ತೂತಿನಲ್ಲಿದೆ! ಅಷ್ಟೇ ಅಲ್ಲ, ಸೀಟಿನ ತಿರುಪನ್ನು ಸಡಿಲಿಸಿ ಯಾರೋ ಅದನ್ನು ಹಿಂದಕ್ಕೆ ತಳ್ಳಿದ್ದಾರೆ. ಸಾಹೇಬರ ಮಂಡಿಗಳು ಮೆತ್ತೆಯ ಅಂಚಿಗಷ್ಟೇ ತಾಗುತ್ತಿವೆ.

ಸಾಹೇಬರ ಕಿವಿ ಬಿಸಿಯಾಯಿತು. ಈ ಸೀಟಿನ ಮೇಲೆ ತಮಗಿಂತ ಉದ್ದ ಕಾಲಿನ, ತಮಗಿಂತ ಬಲವಾದ ತೊಡೆಯ ವ್ಯಕ್ತಿಯೊಬ್ಬ ಕೂತಿದ್ದಾನೆ. ಅದೂ ತಾವಿಲ್ಲದಾಗ. ಅದೂ ಮಲಗುವ ಕೋಣೆಯಲ್ಲಿ.

(ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಗಂಡ ಹೆಂಡತಿ ಇಬ್ಬರೂ ಒಂದೇ ಎತ್ತರ, ಬೇಕಿದ್ದರೆ ಗಂಡನೇ ಕೂದಲೆಳೆಯಷ್ಟು ಹೆಚ್ಚು ಎಂಬುದು ಆ ಮನೆಯಲ್ಲಿ ಮದುವೆಯಾದಾಗಿನಿಂದ ಇತ್ಯರ್ಥವಾದ ಸಂಗತಿ. ಫೋಟೋ ತೆಗೆಸುವಾಗ ಶ್ರೀಮತಿಯವರು ಒಂದು ಮೆಟ್ಟಿಲು ಕೆಳಗೆ ನಿಲ್ಲುತ್ತಿದ್ದರು, ರಸ್ತೆಯಲ್ಲಿ ತಗ್ಗಿನ ಕಡೆ ನಡೆಯುತ್ತಿದ್ದರು. ಅಟ್ಟದ ಮೇಲಿನ ಡಬ್ಬಿಯನ್ನು ಗಂಡ ಹೊರಗೆ ಹೋದಮೇಲೆ ಇಳಿಸುತ್ತಿದ್ದರು. ಅದೆಲ್ಲ ಏಕೆಂದು ಇಬ್ಬರೂ ಕೇಳಿರಲಿಲ್ಲ, ಹೇಳಿರಲಿಲ್ಲ. ಹಾಗಾಗಿ ಊರಿನ ಎಲ್ಲರ ಮೇಲೂ ಅನುಮಾನ ಪಡಬಲ್ಲ ಸಾಹೇಬರಿಗೆ ಈ ಒಂದು ದಿಕ್ಕು ಮಾತ್ರ ಹೊಳೆಯಲಿಲ್ಲ.)

"ಇವತ್ತು ಯಾರಾದ್ರೂ ಬಂದಿದ್ರಾ?" ಎಂದು ಕೇಳಿದರು, ಕಾಫಿ ಲೋಟದೊಳಗೆ ನೋಡುತ್ತಾ.

"ಪೇಪರಿನವನು."

"ಎತ್ತರ ಇದಾನಾ?"

"ಯಾರು?"

"ಪೇಪರಿನವನು."

"ಬಾಗಿಲಡಿಯಿಂದ ಪೇಪರ್ ತೂರಿಸಿ ಹೋಗೋನ ಎತ್ತರ ನನಗೇನು ಗೊತ್ತು?" ಎಂದ ಶ್ರೀಮತಿಯವರು ಕಿಟಕಿಯಾಚೆ ನೋಡಿದರು.

ಕಿಟಕಿಯಾಚೆ! ಸಾಹೇಬರ ಎದೆ ಧಸಕ್ಕೆಂದಿತು.

ಮರುದಿನವೂ ಪಿನ್ನು ಕೆಳಗಿತ್ತು. ಅದರ ಮರುದಿನ ಮೇಲಿತ್ತು, ಸೀಟೂ ಸರಿಯಾದ ಜಾಗದಲ್ಲಿತ್ತು. ಇದು ಇನ್ನೂ ಕೆಟ್ಟದ್ದು. ಕುರುಹು ಅಳಿಸುವಷ್ಟು ಬುದ್ಧಿ ಬಂದಿದೆ ಎಂದಾಯಿತಲ್ಲ! ಮೆತ್ತೆಯನ್ನು ಮೂಸಿ ನೋಡಿದರು. ಟವೆಲ್ಲುಗಳನ್ನು ಮುಟ್ಟಿ ನೋಡಿದರು. ಒಂದು ಒದ್ದೆಯಾಗಿತ್ತು.

"ಇದು ಯಾಕೆ ಒದ್ದೆ?"

"ಟವೆಲ್ ಇನ್ನೇನಾಗ್ಬೇಕಿತ್ತು? ಉಪ್ಪಿನಕಾಯಿನಾ?"

ಕಟ್ಟಡದಲ್ಲಿ ಎತ್ತರದ ಆಸಾಮಿ ಎಂದರೆ ಒಬ್ಬರೇ. ಎರಡನೇ ಮಹಡಿಯ ವ್ಯಾಯಾಮದ ಮೇಷ್ಟ್ರು. ಬಾಗಿಲಲ್ಲಿ ಬಗ್ಗಿ ಬರುವ ದೇಹ, ಕೊರಳಲ್ಲಿ ಸದಾ ಸೀಟಿ. ಸಾಹೇಬರು ಅವರನ್ನು ಮೆಟ್ಟಿಲಲ್ಲಿ ಅಡ್ಡಹಾಕಿದರು. ನೇರವಾಗಿ ಕೇಳಿದರೆ ಕಳ್ಳ ಎಚ್ಚರವಾಗುತ್ತಾನೆ, ಸುತ್ತಿ ಬಳಸಿ ಕೇಳಬೇಕು ಎಂಬುದು ಇಲಾಖೆಯ ಅನುಭವ.

"ಮೇಷ್ಟ್ರೇ, ನಿಮ್ಮ ತೊಡೆ ಹೇಗಿದೆ?"

ಮೇಷ್ಟ್ರು ಒಂದು ಮೆಟ್ಟಿಲು ಹಿಂದಕ್ಕೆ ಸರಿದರು. "ನನ್ನ ತೊಡೆನಾ ಸಾರ್?"

"ಹೂಂ. ಒಳಗಡೇದು."

ಮೇಷ್ಟ್ರು ಮನೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಇನ್ನು ಸಾಕ್ಷಿ ಬೇಕೇ?

ಸಾಹೇಬರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಭಯ. ಬಸ್ಸಿನಲ್ಲಿ ಒಬ್ಬ ಹಳೇ ಟಿಕೆಟ್ ತೋರಿಸಿದರೆ ಸರಿ ಎಂದು ತಲೆಯಾಡಿಸಿ ಮುಂದೆ ಹೋದರು. ಕಂಡಕ್ಟರು ಬಾಯಿ ತೆರೆದು ನೋಡಿದ. ಇಷ್ಟು ವರ್ಷ ತಾವು ಹೆಂಡತಿಯನ್ನು ಕೇಳಿದ್ದೆಲ್ಲ ಎಲ್ಲಿಗೆ ಹೋಗಿದ್ದೆ, ಯಾಕೆ ತಡ, ಚಿಲ್ಲರೆ ಎಲ್ಲಿ ಎಂಬ ತಪಾಸಣೆಯ ಪ್ರಶ್ನೆಗಳೇ. ಹೇಗಿದ್ದೀಯ ಎಂದು ಕೇಳಿದ ನೆನಪಿಲ್ಲ. ಅದನ್ನು ಯಾರೋ ಉದ್ದ ಕಾಲಿನವನು ಕೇಳಿರಬಹುದು. ಆಕೆ ಹೋದರೆ ಈ ಮನೆಯಲ್ಲಿ ತಾವು ಯಾರೊಂದಿಗೆ ಜಗಳವಾಡುವುದು?

ಕೊನೆಗೆ ಹಠಾತ್ ದಾಳಿಯೇ ಗತಿ ಎಂದುಕೊಂಡರು. ಒಂದು ಬೆಳಿಗ್ಗೆ ಸಮವಸ್ತ್ರ ಹಾಕಿ, ಟೋಪಿ ಇಟ್ಟು, "ಬರ್ತೀನಿ" ಎಂದು ಹೊರಟವರು ಬೀದಿ ಕೊನೆಯ ಅಂಗಡಿಯ ಮರೆಯಲ್ಲಿ ನಿಂತರು. ಶ್ರೀಮತಿಯವರು ಚೀಲ ಹಿಡಿದು ಹಾಲು ತರಲು ಹೋದದ್ದೇ ತಡ, ಮೆಟ್ಟಿಲು ಹತ್ತಿ, ತಮ್ಮ ಕೀಲಿಯಿಂದ ಬಾಗಿಲು ತೆರೆದು, ಮತ್ತೆ ಬೀಗ ಹಾಕಿಕೊಂಡು ಮಂಚದ ಕೆಳಗೆ ನುಸುಳಿದರು. ನುಸುಳುವಾಗ ಬಲಮಂಡಿ ಕಟ್ ಎಂದಿತು. ಸಾಹೇಬರು ಅದನ್ನು ಗಮನಿಸಲಿಲ್ಲ, ಕರ್ತವ್ಯ ಮುಖ್ಯ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದ ಸದ್ದು. ಶ್ರೀಮತಿಯವರ ಧ್ವನಿಯಲ್ಲಿ ಯಾವುದೋ ಹಾಡು. (ಹಾಡು! ಸಾಹೇಬರೆದುರು ಆಕೆ ಹಾಡಿ ಯಾವ ಕಾಲವಾಯಿತೋ.) ಆಮೇಲೆ ಕೋಣೆಗೆ ಎರಡು ಕಾಲುಗಳು ಬಂದವು. ಮಂಚದಡಿಯಿಂದ ಕಾಣುತ್ತಿದ್ದುದು ಪಾದ ಮಾತ್ರ. ಅಗಲವಾದ ಬಿಳಿ ಕ್ಯಾನ್ವಾಸ್ ಬೂಟುಗಳು, ಗಂಡಸರ ಬೂಟುಗಳು! ತಿರುಪು ಕಿರುಗುಟ್ಟಿತು, ಸೀಟು ಹಿಂದಕ್ಕೆ ಸರಿಯಿತು. ಬಿಲ್ಲೆಗಳೆಲ್ಲ ಒಟ್ಟಿಗೆ ಎದ್ದು ಢಣ್ ಎಂದು ಬಿದ್ದವು. ಮತ್ತೆ ಢಣ್. ಜೊತೆಗೆ ಹೂಂ ಎಂದು ಹೊಟ್ಟೆಯಾಳದಿಂದ ಹೊರಟ ಒಂದು ಹುಂಕಾರ.

ಸಾಹೇಬರಿಗೆ ತಡೆಯಲಾಗಲಿಲ್ಲ. "ಯಾವನೋ ಅದು? ಟಿಕೆಟ್ ತೋರ್ಸೋ!" ಎಂದು ಅಬ್ಬರಿಸಿ ಏಳಹೋದರು. ತಲೆ ಮಂಚಕ್ಕೆ ಬಡಿಯಿತು. ಮಡಿಚಿದ್ದ ಮಂಡಿ ಮಡಿಚಿದ ಹಾಗೇ ಉಳಿಯಿತು.

ಬೂಟುಗಳು ನೆಲಕ್ಕಿಳಿದು ದಡದಡ ಬಂದವು. ಮರುಕ್ಷಣ ಮಂಚದ ಒಂದು ಬದಿ ಹಾಸಿಗೆ ಸಮೇತ ಮೇಲೆದ್ದಿತು. ಒಂದೇ ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಪೊರಕೆ ಹಿಡಿದು, ಬೆವರು ಸುರಿಸುತ್ತಾ ನಿಂತಿದ್ದರು ಶ್ರೀಮತಿಯವರು.

"ಅಯ್ಯೋ, ನೀವಾ! ಇಲ್ಲೇನ್ ಮಾಡ್ತಿದೀರಿ?"

"ಅವನೆಲ್ಲಿ?"

"ಯಾವನು?"

"ಬೂಟಿನವನು! ಕೆಳಗಿನ ತೂತಿನವನು!"

ಶ್ರೀಮತಿಯವರು ತಮ್ಮ ಪಾದ ನೋಡಿಕೊಂಡರು. "ಅಂಗಡೀಲಿ ಹೆಂಗಸರ ಕಡೆ ನನ್ನ ಅಳತೇದು ಇರ್ಲಿಲ್ಲ. ಗಂಡಸರದ್ದೇ ತಗೊಂಡೆ."

"ಸೀಟು?"

"ನಿಮ್ಮ ಸೀಟಲ್ಲಿ ಕೂತ್ರೆ ನನ್ನ ಮಂಡಿ ಗಲ್ಲಕ್ಕೆ ಬಡಿಯುತ್ತೆ."

"ಮತ್ತೆ ನನ್ನಿಂದ ಮುಚ್ಚಿಟ್ಟಿದ್ದು ಯಾಕೆ?"

"ನೀವು ಒಂದು ಬಿಲ್ಲೆಗೇ ಉಸ್ಸಪ್ಪಾ ಅಂತಿದ್ರಿ. ನಾನು ಪೂರ್ತಿ ಎತ್ತುತೀನಿ ಅಂತ ಗೊತ್ತಾಗಿದ್ರೆ ಯಂತ್ರದ ಕಡೆ ತಿರುಗಿಯಾದ್ರೂ ನೋಡ್ತಿದ್ರಾ?"

ಸಾಹೇಬರು ಏಳಲು ನೋಡಿದರು. ಕಾಲು ನೆಟ್ಟಗಾಗಲಿಲ್ಲ. ಕೂಡಲೇ ಡಾಕ್ಟರ ಬಳಿ ಹೋಗಲೇಬೇಕು, ಮೂರು ಮಹಡಿ ಇಳಿಯಬೇಕು. ಯಾರನ್ನಾದರೂ ಕರೆಯುವುದೇ ಎಂದು ಅವರು ಯೋಚಿಸುವಷ್ಟರಲ್ಲಿ ಶ್ರೀಮತಿಯವರು ಬೆನ್ನು ಕೊಟ್ಟು ಕೂತು, "ಹಿಡ್ಕೊಳ್ಳಿ" ಎಂದರು. ಹೀಗೆ ಇಡೀ ನಗರ ಸಾರಿಗೆಯನ್ನು ನಡುಗಿಸುತ್ತಿದ್ದ ಸಾಹೇಬರು ಸಮವಸ್ತ್ರದಲ್ಲೇ ಉಪ್ಪುಮೂಟೆಯಾಗಿ ಮನೆಯಿಂದ ಹೊರಬಿದ್ದರು. ಆ ಬೆನ್ನ ಮೇಲಿಂದ ನೋಡಿದರೆ ಜಗತ್ತು ತುಸು ಎತ್ತರದಲ್ಲೇ ಇತ್ತು.

ಎದೆಯ ಭಾರ ಇಳಿದಿತ್ತು. ಆ ಸಮಾಧಾನದಲ್ಲೇ ಅವರು ಬಾಯಿಬಿಟ್ಟರು. "ನಾನು ಏನೇನೋ ಅಂದ್ಕೊಂಡಿದ್ದೆ ಕಣೇ. ಕೆಳಗಿನ ಮೇಷ್ಟ್ರು ನಿನಗೋಸ್ಕರ ಬರ್ತಾರೇನೋ ಅಂತ."

ಶ್ರೀಮತಿಯವರು ಅರ್ಧ ಮೆಟ್ಟಿಲಲ್ಲಿ ನಿಂತುಬಿಟ್ಟರು. ಸಾಹೇಬರು ಬೈಗುಳಕ್ಕೆ ತಯಾರಾಗಿ ಕಣ್ಣು ಮುಚ್ಚಿದರು.

"ನನಗೋಸ್ಕರನಾ?" ಎಂದರು ಆಕೆ. ಕಿವಿಯ ತುದಿ ಕೆಂಪಾಗಿತ್ತು. "ಈ ವಯಸ್ಸಲ್ಲಿ? ನನ್ನ ಮೇಲೆ? ನಿಜವಾಗ್ಲೂ?"

ಆಮೇಲೆ ನಗು ಬಂತು. ನಗುತ್ತಾ ಹೊರುವುದು ಕಷ್ಟವೆಂದು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಗಂಡನನ್ನು ಇಳಿಸಿ, ಮೇಷ್ಟ್ರ ಮನೆಯ ಬಾಗಿಲು ತಟ್ಟಿದರು. "ಅಕ್ಕಾ, ಒಂದ್ನಿಮಿಷ ಬನ್ನಿ, ನಮ್ಮೋರು ಏನಂದ್ರು ಕೇಳಿ!" ಮೇಷ್ಟ್ರ ಹೆಂಡತಿ ಕೇಳಿದರು. ಕೇಳಿ ಒಳಗಿದ್ದ ಗಂಡನ ಕಡೆ ತಿರುಗಿ, "ನೋಡಿ, ಅವರ ಯಜಮಾನ್ರಿಗೆ ಹೆಂಡತಿ ಅಂದ್ರೆ ಎಷ್ಟು ಪ್ರೀತಿ. ನೀವು ಒಂದು ದಿನವಾದ್ರೂ ನನ್ನ ಮೇಲೆ ಅನುಮಾನ ಪಟ್ಟಿದೀರಾ?" ಎಂದರು. ಮೊದಲನೇ ಮಹಡಿಯಲ್ಲೂ ಒಂದು ನಿಲುಗಡೆಯಾಯಿತು. ಕೆಳಗೆ ತಲುಪುವ ಹೊತ್ತಿಗೆ ಕಾವಲುಗಾರನಿಗೂ ವಿಷಯ ಗೊತ್ತಿತ್ತು.

ಡಾಕ್ಟರು ಕಾಲಿಗೆ ಪಟ್ಟಿ ಬಿಗಿದು, ಹಾಸಿಗೆ ಬಿಟ್ಟು ಏಳಕೂಡದೆಂದರು.

ಮರುದಿನ ಬೆಳಿಗ್ಗೆ ಕರೆಗಂಟೆಯ ಸದ್ದಾಯಿತು. ತಲೆ ನೀಟಾಗಿ ಬಾಚಿಕೊಂಡು, ಇಸ್ತ್ರಿ ಮಾಡಿದ ಬನಿಯನ್ನು ತೊಟ್ಟು ಮೇಷ್ಟ್ರು ನಿಂತಿದ್ದರು. "ನಮ್ಮನೆಯವಳೇ ಕಳಿಸಿದ್ಲು," ಎಂದರು ನಾಚುತ್ತಾ. "ಸಾಹೇಬ್ರಿಗೇ ನಿಮ್ಮ ಮೇಲೆ ಅನುಮಾನ ಬಂದಿದೆ ಅಂದ್ರೆ ನಿಮ್ಮಲ್ಲಿ ಏನೋ ಇರಬೇಕು, ಹೋಗಿ ಅದನ್ನ ಸ್ವಲ್ಪ ಗಟ್ಟಿ ಮಾಡ್ಕೊಂಡು ಬನ್ನಿ ಅಂದ್ಲು."

ಯಂತ್ರವನ್ನು ಹಿಂದಿನ ಸಂಜೆಯೇ ಶ್ರೀಮತಿಯವರು ಒಬ್ಬರೇ ಎಳೆದು ನಡುಮನೆಗೆ ಸಾಗಿಸಿದ್ದರು. ಈಗ ಬಾಗಿಲಿಂದ ಇಣುಕಿ ಕೇಳಿದರು. "ರೀ, ಮೇಷ್ಟ್ರು ಬಂದಿದಾರೆ. ನಾನು ಹೇಳಿಕೊಡ್ಬೇಕಂತೆ. ಏನನ್ಲಿ?"

ಬೇಡವೆಂದರೆ ಮೂರೂ ಮಹಡಿಗಳಿಗೆ ಮತ್ತೆ ಸುದ್ದಿ. ಸಾಹೇಬರು ಉಗುಳು ನುಂಗಿದರು.

"ಬರಹೇಳು. ಅದರಲ್ಲೇನಿದೆ? ಈ ಬಾಗಿಲು ಮಾತ್ರ ತೆರೆದಿರ್ಲಿ, ಗಾಳಿ ಬರುತ್ತೆ."

"ಸುಮ್ನೆ ಮಲಗಿ. ಢಣ್ ಢಣ್ ಅಂತ ಸದ್ದಾಗುತ್ತೆ, ನಿಮಗೆ ರೆಸ್ಟ್ ಬೇಕು ಅಂದಿದಾರೆ ಡಾಕ್ಟ್ರು" ಎಂದು ಶ್ರೀಮತಿಯವರು ಹೊದಿಕೆ ಸರಿಮಾಡಿ, ಹಾಡು ಗುನುಗುತ್ತಾ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು.