ಕಾಕಾ ಕತ್ತರಿಸಿದ ಪ್ಯಾಕಿಂಗ್

ನಮ್ಮ ಕಾಕಾನನ್ನು ಊಟಕ್ಕೆ ಕರೆಯುವವರು ಮೊದಲು ತಮ್ಮ ಕುಕ್ಕರನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು! ಸೋರುವುದು ಅಂದರೆ ಆತನಿಗೆ ಆಗಿಬರುವುದಿಲ್ಲ. ನಳ ಸೋರಬಾರದು, ಮಾಳಿಗೆ ಸೋರಬಾರದು, ಕುಕ್ಕರಿನ ಅಂಚಿನಿಂದ ಉಗಿ ಸೋರಿದರಂತೂ ಮುಗಿಯಿತು. ನನ್ನ ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ಒಳಗಿನಿಂದ ಸುಯ್ ಎಂದದ್ದೇ ತಡ, ಕಾಕಾ ಎದ್ದು ಸೀದಾ ಅಡಿಗೆಮನೆಗೆ ನಡೆದ. ಹುಡುಗಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ಹಿಂದೆಯೇ ಕಾಕಾ ಕುಕ್ಕರಿನ ಮುಚ್ಚಳ ಹಿಡಿದು ಬಂದ! "ಹುಡುಗಿ ಛಲೋ ಅದಾಳ್ರಿ. ಈ ರಬ್ಬರ್ ಒಂದ ಬದಲ ಮಾಡ್ರಿ" ಎಂದು ತೀರ್ಪು ಕೊಟ್ಟ. ಆ ಹುಡುಗಿ ಈಗ ನನ್ನ ವೈನಿ. ರಬ್ಬರ್ ಏನಾಯಿತೋ ಗೊತ್ತಿಲ್ಲ.

ಇಂಥ ಕಾಕಾನ ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ ಕಳೆದ ವರ್ಷ ಸೀಳಿ ಕೈಕೊಟ್ಟಿತು. ಆತನ ಅರಳಿ, ಅಂದರೆ ಹತ್ತಿ ವ್ಯಾಪಾರದ ಕಾಲದಲ್ಲಿ ಉಪ್ಪಿನಬೆಟಗೇರಿ ಕಡೆಯ ಹೊಲಗಳನ್ನೆಲ್ಲ ಸುತ್ತಿದ ಗಾಡಿ ಅದು. ಗುಜರಿಗೆ ಹಾಕು ಎಂದೆವು. ಕಾಕಾ ಗುಜರಿಗೆ ಹೋದದ್ದೇನೋ ಖರೆ. ಅಲ್ಲಿಂದ ಇನ್ನೊಂದು ಅಂಬಾಸಿಡರಿನ ಎಂಜಿನ್ ಹೊತ್ತು ತಂದ!

ಕಾರು ಅದೇ ಆದರೂ ಎಂಜಿನ್ನಿನ ತಲೆಮಾರು ಬೇರೆ. ಎಂಜಿನ್ ಹೊಗೆ ಉಗುಳುವ ತೂತುಗಳಿಗೆ ಮ್ಯಾನಿಫೋಲ್ಡ್ ಎಂಬ ಬೀಡು ಕಬ್ಬಿಣದ ಕೊಳವೆಗಳನ್ನು ಬಿಗಿಯುತ್ತಾರೆ. ನಡುವೆ ಹೊಗೆ ಸೋರದಂತೆ ತೆಳ್ಳನೆಯ ಪ್ಯಾಕಿಂಗ್ ಕೂರಿಸುತ್ತಾರೆ. ಹೊಸ ಎಂಜಿನ್ನಿನ ತೂತುಗಳಿಗೂ ಕಾಕಾನ ಹಳೆಯ ಮ್ಯಾನಿಫೋಲ್ಡಿನ ಬಾಯಿಗಳಿಗೂ ತಾಳಮೇಳವೇ ಇಲ್ಲ.

"ಎಂಜಿನ್ ಜೋಡಿ ಬಂದ ಮ್ಯಾನಿಫೋಲ್ಡ್ ಹಾಕಿ ಮುಗಸೂಣ್ರಿ ಯಜಮಾನ್ರ" ಎಂದ ಗ್ಯಾರೇಜಿನ ಮಿಸ್ತ್ರಿ.

"ಆಗೂದಿಲ್ಲ. ಹಳೇದನ್ನ ಹಾಕಬೇಕು. ಗಾಡಿ ಸಪ್ಪಳ ಬದಲಾಗಬಾರದು."

"ಗಾಡಿ ಓಡಿದ್ರ ಸಾಕಲ್ರಿ?"

"ಓಡಾಕ ಬಸ್ ಅದಾವಲ್ಲೋ!"

ಆಮೇಲೆ ಶುರುವಾಯಿತು ನೋಡಿ. ಎಂಜಿನ್ನಿನ ಮೈಗೆ ದಪ್ಪ ಕಾಗದ ಒತ್ತಿ, ಎಣ್ಣೆ ಹತ್ತಿದ ಹೆಬ್ಬೆರಳಿನಿಂದ ಉಜ್ಜಿದರೆ ತೂತುಗಳ ಅಚ್ಚು ಮೂಡುತ್ತದೆ. ಅದನ್ನು ಬ್ಲೇಡಿನಿಂದ ಕತ್ತರಿಸಿ, ಅದೇ ಮಾದರಿಯಲ್ಲಿ ಕಾವು ತಡೆಯುವ ಹಾಳೆಯಿಂದ ಪ್ಯಾಕಿಂಗ್ ಮಾಡಬೇಕು. ದಪ್ಪ ಕಾಗದ ಎಲ್ಲಿಂದ ಬರಬೇಕು? ಬಳಗದವರ ಲಗ್ನಪತ್ರಿಕೆಗಳೆಲ್ಲ ಜಾಳಿಗೆಯಾದವು. "ಮುಹೂರ್ತ ಯಾವಾಗ ಐತಿ ಕಾಕಾ?" ಎಂದು ನಾನು ಫೋನು ಮಾಡಿದರೆ, "ಅದು ತೂತಿನ್ಯಾಗ ಹೋತವ್ವಾ!" ದುಂಡಗೆ ಗೆರೆ ಎಳೆಯಲು ಅಳತೆ ಬೇಕೆಂದು ದುರ್ಗದಬೈಲಿನ ಬಳೆ ಅಂಗಡಿಯಲ್ಲಿ ಕೂಸಿನ ಬಳೆಗಳನ್ನು ರಟ್ಟಿನ ಮೇಲಿಟ್ಟು ನೋಡುತ್ತ ಕುಳಿತ.

"ಮೊಮ್ಮಗಳಿಗೇನ್ರಿ?" ಎಂದ ಅಂಗಡಿಯವ.

"ಅಲ್ರಿ, ಎಂಜಿನ್ನಿಗೆ!"

ನಗು ಬಂತೇ? ನಾವೂ ನಕ್ಕೆವು. ಕಾಕಾನ ಹೆಂಡತಿ, ನಮ್ಮ ಕಾಕು ಮಾತ್ರ ನಗಲಿಲ್ಲ, ಅವಳಿಗೆ ಇದೊಂದೂ ಗೊತ್ತಾಗುತ್ತಿರಲಿಲ್ಲ. ಮರೆವಿನ ಕಾಯಿಲೆ. ಮೊದಲು ನಮ್ಮ ಹೆಸರು ಮರೆತಳು, ಆಮೇಲೆ ನಮ್ಮನ್ನು, ಕೊನೆಗೆ ಕಾಕಾನನ್ನೂ. "ಕುಂದರ್ರಿ, ನಮ್ಮವರು ಈಗ ಬರ್ತಾರ" ಎಂದು ಗಂಡನನ್ನೇ ಕೂರಿಸುತ್ತಿದ್ದಳು. ಆದರೆ ಸಂಜೆ ಬೈರಿದೇವರಕೊಪ್ಪದ ಓಣಿಯ ತಿರುವಿನಲ್ಲಿ ಕಾರಿನ ಸಪ್ಪಳ ಕೇಳಿದರೆ ಸಾಕು, ಇದ್ದದ್ದನ್ನು ಅಲ್ಲೇ ಬಿಟ್ಟು ಹೋಗಿ ಗೇಟು ತೆರೆಯುತ್ತಿದ್ದಳು. ಕಾಕಾ ಎಂದೂ ಹಾರ್ನ್ ಹೊಡೆದವನಲ್ಲ. ಇಳಿದವನನ್ನು ನೋಡಿ "ಬಂದ್ರಿ?" ಎನ್ನುತ್ತಿದ್ದಳು. ಇಡೀ ದಿನದಲ್ಲಿ ಆ ಒಂದು ಗಳಿಗೆ ಕಾಕಾ ಅವಳ ಗಂಡನಾಗಿರುತ್ತಿದ್ದ. ಎಂಜಿನ್ ಸೀಳಿದ ಮೇಲೆ ಅದೂ ಹೋಯಿತು. ಕಾಕಾನ ಹುಚ್ಚು ಯಾತಕ್ಕೆಂದು ತಿಳಿದ ದಿನ ನಾನು ನಗುವುದನ್ನು ಬಿಟ್ಟೆ.

ಕೊನೆಗೆ ಅರದಿಂದ ಉಜ್ಜಿ ಉಜ್ಜಿ ಹಳೆಯ ಮ್ಯಾನಿಫೋಲ್ಡ್ ಹೊಸ ಎಂಜಿನ್ನಿಗೆ ಕೂತಿತು. ಪ್ಯಾಕಿಂಗ್ ಅಂತೂ ಉಗುರು ತೂರದಷ್ಟು ಸರಿಯಾಗಿತ್ತು. ಗ್ಯಾರೇಜಿನಿಂದ ನಾನೂ ಕಾರಿನಲ್ಲಿ ಬಂದೆ. ಗೇಟಿನ ಮುಂದೆ ನಿಂತೆವು. ಎಂಜಿನ್ ಸಣ್ಣಗೆ ಗುನುಗುತ್ತಿತ್ತು. ಪಡಸಾಲೆಯಲ್ಲಿ ಕುಳಿತಿದ್ದ ಕಾಕು ತಲೆ ಎತ್ತಲೇ ಇಲ್ಲ.

ಕಾಕಾ ಬಹಳ ಹೊತ್ತು ಕಿವಿಗೊಟ್ಟು ಕೂತ. ನನ್ನ ಕಡೆ ತಿರುಗಿ ಮೆಲ್ಲಗೆ ಅಂದ: "ತಪ್ಪಾತವ್ವಾ. ಭಾಳ ಛಲೋ ಕುಂದರಿಸಿಬಿಟ್ಟೆ."

ಹಳೆಯ ಪ್ಯಾಕಿಂಗ್ ಯಾವ ಕಾಲದಲ್ಲೋ ಒಂದು ಕಡೆ ಸುಟ್ಟು, ಹೊಗೆ ಸೋರಿ ಫಟ್ ಫಟ್ ಎನ್ನುತ್ತಿತ್ತಂತೆ. ಊರವರ ಕುಕ್ಕರ್ ಕೇಳಿಸುತ್ತಿದ್ದ ಕಾಕಾನಿಗೆ ತನ್ನ ಗಾಡಿ ಸೋರುವುದು ಕೇಳಿ ಕೇಳಿ ರೂಢಿಯಾಗಿಬಿಟ್ಟಿತ್ತು. ಕಾಕುವಿಗೆ ಗುರುತಿದ್ದದ್ದು ಆ ಸೋರಿಕೆಯೇ! ಮರುದಿನ ಗ್ಯಾರೇಜಿನಲ್ಲಿ ಮತ್ತೆ ಎಲ್ಲ ಬಿಚ್ಚಿಸಿ, ಅಷ್ಟು ಪ್ರೀತಿಯಿಂದ ಮಾಡಿದ ಪ್ಯಾಕಿಂಗಿನ ಅಂಚನ್ನು ಕಾಕಾ ತನ್ನ ಕೈಯಾರೆ ಬ್ಲೇಡಿನಿಂದ ಕೊರೆದ. ಮಿಸ್ತ್ರಿ ಮುಖ ಆ ಕಡೆ ತಿರುಗಿಸಿದ.

ಅಂದು ಸಂಜೆಯೂ ನಾನು ಹಿಂದಿನ ಸೀಟಿನಲ್ಲಿದ್ದೆ. ತಿರುವಿನಲ್ಲಿ ಫಟ್ ಫಟ್ ಎಂದಿತು. ನಾವು ಮುಟ್ಟುವಷ್ಟರಲ್ಲಿ ಗೇಟು ತೆರೆದಿತ್ತು! ಕಾಕು ಸೆರಗು ಸರಿಮಾಡಿಕೊಂಡು ನಿಂತಿದ್ದಳು. ನನಗೆ ಕಣ್ಣು ತುಂಬಿ ಬಂತು. ಕಾಕಾ ಇಳಿದು ಅವಳ ಮುಂದೆ ನಿಂತ. ಅವಳು ಅವನನ್ನು ನೋಡಿದಳು, ಬಾಗಿ ಕಾರಿನೊಳಗೆ ನೋಡಿದಳು, ಮತ್ತೆ ಅವನನ್ನು ನೋಡಿದಳು.

"ಗಾಡಿ ನಮ್ಮದ ಐತಿ. ನಮ್ಮವರನ್ನ ಎಲ್ಲಿ ಇಳಿಸಿ ಬಂದ್ರಿ?"

ಕಾಕಾ ಅಂದ: "ದುರ್ಗದಬೈಲಿನ್ಯಾಗ ಕೆಲಸ ಇತ್ತು ಅಂದ್ರು. ಈಗ ಬರ್ತಾರ್ರೀ."

"ಹಂಗಾರ ಗೇಟ್ ತೆರದ ಇರ್ಲಿ" ಎಂದು ಕಾಕು ಬಾಗಿಲ ಕಟ್ಟೆಯ ಮೇಲೆ ಕುಳಿತಳು. ಕಾಕಾ ಎಂಜಿನ್ ಬಂದ್ ಮಾಡಿ ಬಂದು ಅವಳ ಪಕ್ಕದಲ್ಲಿ ಕುಳಿತ. ಇಬ್ಬರೂ ಕಾಕಾನ ದಾರಿ ಕಾಯತೊಡಗಿದರು.