ಸಂಚಕಾರ ಕೊಟ್ಟ ಖೋಲಿ

ನಮ್ಮ ಸೋದರಮಾವನ ಜೊತೆ ಊಟಕ್ಕೆ ಕೂಡಬಹುದು, ಜಗಳಕ್ಕೂ ನಿಲ್ಲಬಹುದು, ಪ್ರಯಾಣಕ್ಕೆ ಮಾತ್ರ ಹೊರಡಬಾರದು. ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಂತೆಯ ದಿನ ಅಕ್ಕಿಆಲೂರಿನ ನಡುಬೀದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿ, ನಾನು ಬರೆದದ್ದರಲ್ಲಿ ಏನೇನು ಬಿಟ್ಟುಹೋಗಿದೆ ಎಂದು ಒಂದು ತಾಸು ವಿವರಿಸುತ್ತಾರೆ.

ಮಾವ ಅಕ್ಕಿ ವ್ಯಾಪಾರದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಆ ವ್ಯಾಪಾರದಲ್ಲಿ ಸಂಚಕಾರ ಎಂಬುದೊಂದಿದೆ. ಮಾಲು ಗೊತ್ತು ಮಾಡಿ ಮುಂಗಡವಾಗಿ ಒಂದಿಷ್ಟು ಹಣ ಕೈಗಿಟ್ಟರೆ ಮುಗಿಯಿತು. ಕಾಗದ ಬೇಡ, ಸಾಕ್ಷಿ ಬೇಡ. ಕೊಂಡವನು ಒಯ್ಯಲೇಬೇಕು, ಮಾರಿದವನು ಕೊಡಲೇಬೇಕು. ಈ ನಿಯಮವನ್ನು ಮಾವ ಅಂಗಡಿಯಲ್ಲಿಯೇ ಬಿಟ್ಟು ಮನೆಗೆ ಬರುತ್ತಿದ್ದರೆ ನಮಗೆಲ್ಲ ಎಷ್ಟು ಚೆನ್ನಾಗಿರುತ್ತಿತ್ತು! ಬಿಡಲಿಲ್ಲ. ಬದುಕಿಗೆಲ್ಲ ಹಚ್ಚಿಕೊಂಡರು.

ಒಮ್ಮೆ ಯಾರೋ ವ್ಯಾಪಾರಿಯನ್ನು ಕಾಣಲು ಹಿರೇಕೆರೂರಿನ ಬಸ್ಸು ಹತ್ತಿದರು. ನಡುದಾರಿಯ ಹಳ್ಳಿಯಲ್ಲಿ ಆ ವ್ಯಾಪಾರಿಯೇ ಅದೇ ಬಸ್ಸು ಹತ್ತಿ ಪಕ್ಕದಲ್ಲಿ ಬಂದು ಕೂತ. ಹತ್ತು ನಿಮಿಷದಲ್ಲಿ ಮಾತು ಮುಗಿಯಿತು. ಮುಂದಿನ ಊರಲ್ಲಿ ಅವನು ಇಳಿಯುತ್ತ, "ಬರ್ರಿ ಗೌಡ್ರ, ಇಲ್ಲೆ ನಮ್ಮ ತಂಗಿ ಮನಿ ಐತಿ, ಚಾ ಕುಡದು ಹೊಳ್ಳಿ ಹೋಗೀರಂತ" ಎಂದು ಕರೆದ. ಮಾವ ಒಪ್ಪಲಿಲ್ಲ. ಟಿಕೀಟು ಹಿರೇಕೆರೂರಿನ ತನಕ ತೆಗೆಸಿದ್ದರಲ್ಲ! ಅಲ್ಲಿ ಏನು ಮಾಡಿ ಬಂದಿರಿ ಎಂದು ಅತ್ತೆ ಕೇಳಿದರೆ ಎರಡೇ ಮಾತಿನ ಉತ್ತರ: "ಇಳದೆ. ಹತ್ತಿದೆ."

ಇನ್ನೊಮ್ಮೆ ಸವಣೂರಿನ ವೀಳ್ಯದೆಲೆ ವ್ಯಾಪಾರದ ಸಾಹೇಬರೊಬ್ಬರು ಮಗಳ ಮದುವೆಗೆ ಕರೆದಿದ್ದರು. ಏನೋ ಕಾರಣಕ್ಕೆ ಮದುವೆ ಎಂಟು ದಿನ ಮುಂದೆ ಹೋಯಿತು. ಮಾವನಿಗೂ ಹೇಳಿ ಕಳಿಸಿದ್ದರು. ಆದರೂ ಮಾವ ಮೊದಲಿನ ದಿನವೇ ಇಸ್ತ್ರಿ ಮಾಡಿದ ಧೋತರ ಉಟ್ಟು ಹಾಜರಾದರು.

"ಮದುವಿ ಮುಂದ ಹೋಗೇತಂತ ಗೊತ್ತಾಗಲಿಲ್ಲೇನ್ರಿ ಗೌಡ್ರ?"

"ಗೊತ್ತಾಗೇತ್ರಿ. ಆದ್ರ ಇವತ್ತ ಬರ್ತೇನಿ ಅಂತ ಮಾತು ಕೊಟ್ಟಿದ್ದೆನಲ್ರಿ."

ಸಾಹೇಬರು ಪುಣ್ಯಾತ್ಮರು. ನಗುತ್ತ ಕೂರಿಸಿ ಉಣ್ಣಿಸಿ ಕಳಿಸಿದರು. ಎಂಟು ದಿನ ಬಿಟ್ಟು ಮಾವ ಮತ್ತೆ ಹೋಗಿ ಮತ್ತೆ ಉಂಡು ಬಂದರು. ಅಂದಿನಿಂದ ಆ ಮನೆಯ ಹೆಣ್ಣುಮಕ್ಕಳು ಇವರನ್ನು 'ಎರಡು ಮದುವಿ ಗೌಡ್ರು' ಎಂದೇ ಕರೆಯುತ್ತಾರಂತೆ. ಅತ್ತೆಗೆ ಈ ಬಿರುದು ಅಷ್ಟಾಗಿ ಹಿಡಿಸಿಲ್ಲ.

ಇಂಥವರು ಅತ್ತೆಗೆ ಸಮುದ್ರ ತೋರಿಸುತ್ತೇನೆಂದು ಹೊರಟರೆ ಏನಾಗಬಹುದು? ಅತ್ತೆ ಸಮುದ್ರ ಕಂಡವರಲ್ಲ. ನೋಡಬೇಕೆಂಬ ಆಸೆ ಮದುವೆಯ ಕಾಲದಿಂದ ಇತ್ತು. ಒಮ್ಮೆ ಕೂಸು, ಒಮ್ಮೆ ಸುಗ್ಗಿ, ಒಮ್ಮೆ ಮೊಣಕಾಲು, ಏನಾದರೊಂದು ಅಡ್ಡ ಬರುತ್ತಿತ್ತು. ಹೋದ ಮಳೆಗಾಲದಲ್ಲಿ ಮೊಣಕಾಲು ತುಸು ನೆಟ್ಟಗಾದವು. ಮಾವ ಹಾನಗಲ್ಲಿನಿಂದ ನನ್ನನ್ನು ಕರೆಸಿ, ಕುಮಟೆಯ ಕಡೆ ಸಮುದ್ರದ ದಂಡೆಗೆ ಒಂದು ಖೋಲಿ ಹಿಡಿಯಲು ಹೇಳಿದರು. ನಾನು ಮೊಬೈಲು ತೆರೆದೆ.

"ಮಾವಾ, ಇಲ್ಲೆ ಎರಡು ನಮೂನಿ ಅದಾವ್ರಿ. ಒಂದರಾಗ ಹೋಗೂದು ರದ್ದಾದ್ರ ರೊಕ್ಕಾ ವಾಪಸ್ ಕೊಡ್ತಾರ. ಇನ್ನೊಂದರಾಗ ಕೊಡೂದಿಲ್ಲ."

"ವಾಪಸ್ ಕೇಳೋ ಮಂದಿ ಅಂತ ತಿಳದಾರೇನು ನಮ್ಮನ್ನ? ಕೊಡಲಾರದ್ದನ್ನ ಒತ್ತು."

"ಮಳಿಗಾಲ ಐತ್ರಿ, ಏನರೆ ಹೆಚ್ಚುಕಡಿಮಿ ಆದ್ರ..."

"ಸಂಚಕಾರ ಕೊಟ್ಟು ಹೊಳ್ಳಿ ಬೇಡೋದು ನಮ್ಮ ಮನಿತನದಾಗ ಇಲ್ಲ. ಒತ್ತು ತಮ್ಮಾ."

ಒತ್ತಿದೆ. ಒತ್ತಿದ ಮರುದಿನದಿಂದಲೇ ಮುಗಿಲು ಹರಿಯಿತು. ಟೀವಿಯಲ್ಲಿ ಘಟ್ಟದ ಮಣ್ಣು ಜಾರುತ್ತಿರುವುದನ್ನು ತೋರಿಸತೊಡಗಿದರು. ಹೊರಡುವ ಹಿಂದಿನ ದಿನದ ಹೊತ್ತಿಗೆ ಮಾವ ಖೋಲಿ ಹಿಡಿದ ಹೋಟೆಲಿನ ಮ್ಯಾನೇಜರಿಗೆ ಒಂಬತ್ತು ಸಲ ಫೋನು ಮಾಡಿದ್ದರು. ಮೊದಲ ಸಲ ಕಾಯಿದೆ ಹೇಳಿದ ಆ ಮನುಷ್ಯ, ಐದನೆಯ ಸಲಕ್ಕೆ ತನ್ನ ತಾಯಿಯ ಸಕ್ಕರೆ ಕಾಯಿಲೆಯ ಬಗ್ಗೆ ಹೇಳಿಕೊಂಡಿದ್ದ. ಒಂಬತ್ತನೆಯದು ನನ್ನ ಎದುರಿಗೇ ನಡೆಯಿತು.

"ಬರಬೇಡಿ ಮಾರಾಯ್ರೆ. ದುಡ್ಡು ವಾಪಸ್ ಕೊಡೂದು ನನ್ನ ಕೈಲಿಲ್ಲ, ದಿನ ಬದಲು ಮಾಡ್ಲಿಕ್ಕೂ ಆಗೂದಿಲ್ಲ. ಆದರೂ ಹೇಳ್ತೇನೆ, ಬರಬೇಡಿ."

"ರೊಕ್ಕಾ ಯಾರು ಕೇಳಿದ್ರು? ನಮ್ಮ ಖೋಲಿ ತಯಾರ ಐತೋ ಇಲ್ಲೋ ಅಷ್ಟ ಹೇಳ್ರಿ."

"ರೂಮು ತಯಾರುಂಟು. ರಸ್ತೆ ತಯಾರಿಲ್ಲ."

"ಹಂಗಾದ್ರ ನಿಮ್ಮದೇನೂ ತಪ್ಪಿಲ್ಲ ಬಿಡ್ರಿ. ನಮ್ಮ ಪಾಲಿಂದು ನಾವು ಮಾಡ್ತೇವಿ. ನಾಳೆ ಹೊಂಡತೇವಿ."

ನಮ್ಮ ಪಾಲಿನದು ಎಂದರೆ ನನ್ನ ಪಾಲಿನದು. ಕಾರು ನನ್ನದು, ನಡೆಸುವವನೂ ನಾನೇ. ಘಟ್ಟದಲ್ಲಿ ಗುಡ್ಡ ಜಾರಿದರೆ ಎಲ್ಲರಿಗಿಂತ ಮೊದಲು ಕಾಣುವುದೂ ನನಗೇ! ಮೂರು ಜೀವ ಹಾಕಿಕೊಂಡು, ಖೋಲಿ ಖಾಲಿ ಉಳಿಯಬಾರದೆಂಬ ಒಂದೇ ಕಾರಣಕ್ಕೆ ಆ ಘಟ್ಟ ಇಳಿಯಬೇಕಿತ್ತು. ತಲೆನೋವು ಎಂದೆ, ಮಾವ ಗುಳಿಗೆ ಕೊಟ್ಟರು. ಟೈರು ಸವೆದಿದೆ ಎಂದೆ, ಕೊಡೆ ಹಿಡಿದು ಬಂದು ನಾಲ್ಕನ್ನೂ ಒದ್ದು ನೋಡಿ, "ಗಟ್ಟಿ ಅದಾವು" ಎಂದರು.

ಬೆಳಿಗ್ಗೆ ಅಕ್ಕಿಆಲೂರಿನಿಂದ ಹೊರಟೆವು. ಅತ್ತೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರಿನ ಬುತ್ತಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತರು. ಹಾನಗಲ್ಲು ದಾಟಿ ಶಿರಸಿಯ ದಾರಿ ಹಿಡಿಯುತ್ತಲೇ ಮಳೆ ಕಾರಿನ ಮೇಲೆ ಕಲ್ಲು ಸುರಿದಂತೆ ಬೀಳತೊಡಗಿತು. ಒಂದು ಹಳ್ಳದ ಹತ್ತಿರ ಕೆಂಪು ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಎದುರಿನಿಂದ ಬಂದ ಲಾರಿಯವನು ನಿಲ್ಲಿಸಿ ತಲೆ ಹೊರಗೆ ಹಾಕಿದ.

"ಎಲ್ಲಿಗೆ ಹೊಂಟೀರಿ? ಘಟ್ಟದಾಗ ಸಣ್ಣ ಸಣ್ಣ ಕಲ್ಲು ಉದರಾಕತ್ತಾವ್ರಿ."

"ರಸ್ತಾ ಬಂದ್ ಆಗೇತೇನು?" ಮಾವ ಕೇಳಿದರು.

"ಇನ್ನೂ ಮಾಡಿಲ್ರಿ. ಇಳಿಯವ್ರು ಇಳ್ಯಾಕತ್ತಾರ, ಅವ್ರ ನಸೀಬ."

"ಬಂದ್ ಆಗಿಲ್ಲಂದ್ರ ಆತಲ್ಲ. ನಡಿ ತಮ್ಮಾ."

ನಾನು ಗೇರು ಹಾಕುವ ಮೊದಲು ಕನ್ನಡಿಯಲ್ಲಿ ಹಿಂದೆ ನೋಡಿದೆ. ಅತ್ತೆ ಎಂದರೆ ಮನೆ ಬಿಟ್ಟಾಗ ಹಿಡಿದ ಮಾತನ್ನು ಊರು ಮುಟ್ಟುವ ತನಕ ಬಿಡದವರು. ಅವರು ಹಾನಗಲ್ಲಿನಿಂದ ಈಚೆಗೆ ಒಂದು ಮಾತೂ ಆಡಿಲ್ಲವೆಂಬುದು ಆಗ ಹೊಳೆಯಿತು. ಬುತ್ತಿಗಂಟನ್ನು ಕೂಸಿನಂತೆ ಎದೆಗವಚಿಕೊಂಡು ಕಣ್ಣು ಮುಚ್ಚಿದ್ದರು. ತುಟಿ ಅಲುಗುತ್ತಿದ್ದವು. ಮಾವನೂ ತಿರುಗಿ ನೋಡಿದರು.

"ಯಾಕ, ಅಂಜಿಕಿ ಬರಾಕತ್ತೇತೇನು?"

"ಇಲ್ರಿ."

"ಖರೆ ಹೇಳು."

"ನೀವು ಸಂಚಕಾರ ಕೊಟ್ಟೀರಲ್ಲ. ಹೋಗೂಣು ನಡೀರಿ," ಎಂದರು ಅತ್ತೆ, ಕಣ್ಣು ತೆರೆಯದೆ.

ವೈಪರು ಒಂದಿಪ್ಪತ್ತು ಸಲ ಆ ಕಡೆ ಈ ಕಡೆ ಆಡಿತು. ಮಾವ ಅದನ್ನೇ ನೋಡುತ್ತಿದ್ದರು.

"ತಮ್ಮಾ, ಗಾಡಿ ತಿರುವು."

ನನಗೆ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. "ಮಾವಾ, ಖೋಲಿ?"

"ಖೋಲಿ ಎಲ್ಲಿಗೆ ಹೊಕ್ಕೇತಿ? ಅದಕ್ಕೇನು ಕಾಲು ಅದಾವೇನು? ತಿರುವು ಅಂದೆ."

ತಿರುವಿದೆ. ಆ ಇಕ್ಕಟ್ಟಾದ ರಸ್ತೆಯಲ್ಲಿ ಅಷ್ಟು ಚೆಂದ ಕಾರು ತಿರುಗಿಸಿದ್ದು ನನ್ನ ಜನ್ಮದಲ್ಲೇ ಮೊದಲು. ನನ್ನ ಜೀವವಂತೂ ನನಗಿಂತ ಮುಂಚೆ ಹಾನಗಲ್ಲು ಮುಟ್ಟಿ, ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತ ನಮ್ಮ ದಾರಿ ಕಾಯುತ್ತಿತ್ತು.

ಮನೆಗೆ ಹೋದೆವೇ? ಮಾವ ಬಿಟ್ಟಾರೇ! ನೀರಿನ ದಂಡೆಗೆ ಉಣ್ಣಲೆಂದು ಕಟ್ಟಿದ ಬುತ್ತಿಯನ್ನು ಅಡುಗೆಮನೆಯಲ್ಲಿ ಉಣ್ಣುವುದು ಹೇಗೆ? "ಮಾಸೂರಿಗೆ ನಡಿ, ಮದಗದ ಕೆರಿ ತುಂಬೇತಂತ" ಎಂದರು. ಹಿರೇಕೆರೂರಿನ ಕಡೆ ಹೋದಂತೆ ಮಳೆ ತೆಳ್ಳಗಾಯಿತು. ಅತ್ತೆಯ ಬಾಯಿಗೂ ಮಾತು ಮರಳಿತು. ಅವರ ವಟವಟ ನನಗೆ ಅಷ್ಟು ಇಂಪಾಗಿ ಎಂದೂ ಕೇಳಿರಲಿಲ್ಲ.

ಕೆರೆ ತುಂಬಿ ತುಳುಕುತ್ತಿತ್ತು. ಗುಡ್ಡದ ಬುಡದ ತನಕ ನೀರೇ ನೀರು, ಗಾಳಿಗೆ ಸಣ್ಣ ತೆರೆಗಳು. ಮರದ ಕೆಳಗೆ ಬುತ್ತಿ ಬಿಚ್ಚಿ ಉಣ್ಣುತ್ತಿರುವಾಗ ಮಾವನ ಫೋನು ಹೊಡೆದುಕೊಂಡಿತು. ಹೋಟೆಲಿನ ಮ್ಯಾನೇಜರು. ಮಾವ ಸ್ಪೀಕರು ಹಾಕಿದರು.

"ಎಲ್ಲಿದ್ದೀರಿ ಮಾರಾಯ್ರೆ?"

"ಮಾಸೂರಾಗ ರೊಟ್ಟಿ ತಿನ್ನಾಕತ್ತೇವ್ರಿ."

"ಬದುಕಿದೆ! ಒಂದು ತಾಸು ಹಿಂದೆ ಘಟ್ಟದಲ್ಲಿ ಗುಡ್ಡವೇ ಕೆಳಗೆ ಬಂತು. ನಿಮ್ಮ ಕಾರು ಅದರಡಿಗೆ ಉಂಟೋ ಏನೋ ಅಂತ ನನಗೆ ಊಟ ಸೇರಲಿಲ್ಲ."

"ಯಾರಿಗರೆ ಏನರೆ ಆತೇನ್ರಿ?"

"ಇಲ್ಲ, ದೇವರು ದೊಡ್ಡವ. ಗಾಡಿಗಳೆಲ್ಲ ಆಚೆ ಈಚೆ ನಿಂತಾವೆ."

"ಹಂಗಾದ್ರ ನಮ್ಮ ಖೋಲಿಯಾಗ ಅಲ್ಲಿ ಸಿಕ್ಕೊಂಡವರನ್ನ ಮಲಗಿಸ್ರಿ. ಕೂಸು ಇದ್ದವರಿಗೆ ಮೊದಲ ಕೊಡ್ರಿ. ನೀವೂ ಉಣ್ರಿ."

ಫೋನಿಟ್ಟು ಮಾವ ಇನ್ನೊಂದು ರೊಟ್ಟಿ ಮುರಿದರು. ಅತ್ತೆ ನೀರು ನೋಡುತ್ತ ಕೇಳಿದರು.

"ಏನ್ರೀ, ಸಮುದ್ರ ಇದಕ್ಕಿಂತ ದೊಡ್ಡದಿರತೈತೇನು?"

"ನನಗ ಹೆಂಗ ಗೊತ್ತಾಗಬೇಕು?"

"ಅಂದ್ರ? ಅಕ್ಕಿ ಲಾರಿ ಕೂಡ ಮೂವತ್ತು ವರ್ಷ ಕುಮಟಾಕ ಹೋಗಿ ಬಂದೀರಿ."

"ಕುಮಟಾಕ ಹೋಗೇನಿ. ಮಾಲು ಇಳಿಸಿ ಹೊಳ್ಳಿ ಬಂದೇನಿ."

"ತೆರಿ ಆನಿಯಷ್ಟು ಎತ್ತರ ಏಳತಾವು, ಹೊತ್ತು ಮುಳುಗೂವಾಗ ನೀರಿಗೆ ಅರಿಷಿಣ ಕಲಸಿದಂಗ ಕಾಣತೈತಿ ಅಂತ ಹೇಳತಿದ್ರಿ?"

"ಡ್ರೈವರ್ ಹೋಗಿ ನೋಡಿ ಬಂದು ಹೇಳತಿದ್ದ. ನಾ ಲಾರ್‍ಯಾಗ ಕುಂತಿರತಿದ್ದೆ."

"ಯಾಕ್ರೀ?"

ಮಾವ ಧೋತರದ ಮೇಲೆ ಬಿದ್ದ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಆರಿಸಿದರು. "ನಿನ್ನ ಬಿಟ್ಟು ನಾ ಒಬ್ಬನ ಹೆಂಗ ನೋಡ್ಲಿ?"

"ಮೂವತ್ತು ವರ್ಷ ಆ ಡ್ರೈವರನ ಸಮುದ್ರ ತೋರಿಸೀರೇನ್ರಿ ನನಗ," ಎಂದು ಅತ್ತೆ ನಗತೊಡಗಿದರು. ನಗುತ್ತ ನಗುತ್ತ ಸೆರಗು ಕಣ್ಣಿಗೆ ಹೋಯಿತು. ಮಾವ ಏನು ಮಾಡಬೇಕೆಂದು ತೋಚದೆ, ಹೆಗಲ ಮೇಲಿನ ಶಾಲು ತೆಗೆದು ಅವರಿಗೆ ಹೊದಿಸಿದರು.

ನಾನು ಎದ್ದು ಹೋಗಿ, ಸಣ್ಣಗೆ ಬೀಳುತ್ತಿದ್ದ ಮಳೆಯಲ್ಲಿ, ಬಹಳ ಹೊತ್ತು ಕಾರು ಒರೆಸಿದೆ.