ನನ್ನ ಬಲಗೈ ಬಗ್ಗೆ ಮೂರು ವಾದಗಳು

ಸೋಲುವುದು ನನಗೆ ಕಷ್ಟವಲ್ಲ; ಯಾರ ಎದುರು ಸೋತೆನೆಂದು ತಿಳಿಯದಿರುವುದೇ ಕಷ್ಟ. ಕಾಲೇಜಿನ ಚರ್ಚಾಕೂಟದಲ್ಲಿ ದೇವರು, ಜಾತಕ, ಮಂತ್ರ ಎಲ್ಲವನ್ನೂ ಬಲಗೈ ಎತ್ತಿ ಎತ್ತಿ ಖಂಡಿಸಿದವನು ನಾನು. ಆ ಕೈ ಈಗ ಮಣಿಕಟ್ಟಿನಿಂದ ಕೆಳಗೆ, ಹಿಂಡಿ ಹಾಕಿದ ಬಟ್ಟೆಯ ಹಾಗೆ ಜೋತಾಡುತ್ತಿದೆ. ಬಿ.ಎ. ಪರೀಕ್ಷೆಗೆ ಇನ್ನು ಮೂರೇ ವಾರ. ಪೆನ್ನು ಹಿಡಿದರೆ ಜಾರುತ್ತದೆ. ಇದನ್ನೂ ತಂಗಿಯ ಕೈಲಿ ಬರೆಸುತ್ತಿದ್ದೇನೆ; ಅವಳು ಬೇಡವಾದ ಕಡೆಯೆಲ್ಲ ನಗುತ್ತಿದ್ದಾಳೆ.

ಕಾರಣವೇನೂ ಘನವಾದುದಲ್ಲ. ಯುದ್ಧ ಬಂದು ಪೆಟ್ರೋಲಿಗೆ ಬರ. ಬೆಂಗಳೂರಿನಿಂದ ಊರಿಗೆ, ಇದ್ದಲು ಉರಿಸಿ ಓಡಿಸುವ ಬಸ್ಸಿನಲ್ಲಿ ಹೊರಟಿದ್ದೆ. ಏರು ಬಂದಾಗಲೆಲ್ಲ ಅದು ನಿಲ್ಲುವುದು, ಡ್ರೈವರು ಇಳಿದು ಕೆಂಡಕ್ಕೆ ಗಾಳಿ ಹಾಕುವುದು. ಬೇಸತ್ತು, ಸೀಟಿನ ಹಿಂದಿನ ಕಬ್ಬಿಣದ ಸರಳಿನ ಮೇಲೆ ತೋಳು ನೇತುಹಾಕಿ ಮಲಗಿಬಿಟ್ಟೆ. ದೇವನಹಳ್ಳಿಯಲ್ಲಿ ನಾನು ಎದ್ದೆ, ಕೈ ಏಳಲಿಲ್ಲ.

ಡಾಕ್ಟರು ತಟ್ಟಿ, ಚುಚ್ಚಿ, "ನರ ನಜ್ಜಾಗಿರಬಹುದು. ಹರಿದಿದ್ರೂ ಹರಿದಿರಬಹುದು" ಎಂದರು.

"ಎರಡರಲ್ಲಿ ಒಂದು ಹೇಳಿ ಸಾರ್."

"ಅದನ್ನ ನಿನ್ನ ಕೈಯೇ ಹೇಳ್ಬೇಕಪ್ಪ. ಎದ್ರೆ ನಜ್ಜಾಗಿತ್ತು, ಏಳದಿದ್ರೆ ಹರಿದಿತ್ತು."

ಚರ್ಚಾಕೂಟದಲ್ಲಿ ಹೀಗೆ ವಾದಿಸಿದ್ದರೆ ಅವರನ್ನು ವೇದಿಕೆಯಿಂದ ಇಳಿಸಿಬಿಡುತ್ತಿದ್ದೆ. ಸದ್ಯಕ್ಕೆ ಕೈ ಜೋಲದಂತೆ ಅವರು ಕಟ್ಟಿದ ಹಲಗೆಯೊಂದಿಗೆ ಮನೆಗೆ ಬಂದೆ.

ಅಲ್ಲಿ, ದೇವನಹಳ್ಳಿ ಪಕ್ಕದ ವಿಜಯಪುರದ ಕಡೆಯಿಂದ ಬಂದ, ಮೂಳೆಗೆ ಕಟ್ಟು ಹಾಕುವ ಮುನಿಯಪ್ಪ ಕಾದಿದ್ದ. "ಬಸ್ಸಿನ ಗಾಳಿ ತೋಳಿಗೆ ಹೊಕ್ಕೈತೆ ಸ್ವಾಮಿ. ಎಣ್ಣೆ ಹಾಕಿ ನೀವಿದ್ರೆ ಇಳೀತದೆ" ಎಂದ. ಅಮ್ಮ, "ಗಾಳಿಯೂ ಅಲ್ಲ, ಗೀಳಿಯೂ ಅಲ್ಲ. ಆ ಕೈ ಆಡಿಸ್ತಾ ಭಾಷಣ ಮಾಡಿದ್ದನ್ನ ಎಷ್ಟು ಕಣ್ಣು ನೋಡಿಲ್ಲ!" ಎಂದು ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆಯಲು ನಿಂತಳು.

ನಾನು ತಡೆದೆ. "ಒಂದು ಸಲಕ್ಕೆ ಒಂದೇ ಚಿಕಿತ್ಸೆ. ಇಲ್ದಿದ್ರೆ ಯಾವುದರಿಂದ ವಾಸಿಯಾಯ್ತು ಅಂತ ಹೇಗೆ ತಿಳಿಯುತ್ತೆ?"

"ವಾಸಿಯಾದ್ರೆ ಸಾಲ್ದೇನೋ? ತಿಳ್ಕೊಂಡು ಉಪ್ಪಿನಕಾಯಿ ಹಾಕ್ತೀಯಾ?"

ಮೂರು ವಾರ ಹಲಗೆಯೊಂದನ್ನೇ ನಂಬಿದೆ, ಬೆರಳು ಅಲುಗಲಿಲ್ಲ. ಹಲಗೆ ಬಿಚ್ಚಿ ಮುನಿಯಪ್ಪನಿಗೆ ತೋಳು ಒಪ್ಪಿಸಿದೆ. ನಿನ್ನೆ ಮುಖ ತೊಳೆಯುವಾಗ ನಡುಬೆರಳು ಎಳ್ಳಿನಷ್ಟು ಎದ್ದಿತು. "ಗಾಳಿ ಇಳೀತು" ಎಂದ ಮುನಿಯಪ್ಪ. "ಹಲಗೆಯಿಂದಲೋ, ತಾನಾಗಿಯೋ. ಇಷ್ಟಕ್ಕೇ ನಿಂತರೂ ನಿಲ್ಲಬಹುದು" ಎಂದರು ಡಾಕ್ಟರು. ಅಮ್ಮ ಮಾತ್ರ ಮುಸಿಮುಸಿ ನಗುತ್ತಿದ್ದಳು. ಮೊದಲ ದಿನದಿಂದಲೂ, ನಾನು ಮಧ್ಯಾಹ್ನ ಮಲಗಿದಾಗ, ದಿನಾ ದೃಷ್ಟಿ ತೆಗೆಯುತ್ತಿದ್ದಳಂತೆ!

ನನ್ನ ಪ್ರಯೋಗವೆಲ್ಲ ಕೆಟ್ಟುಹೋಯಿತು. ಈಗ ಒಂದೊಂದಾಗಿ ನಿಲ್ಲಿಸಿ ನೋಡುವುದೇ ಸರಿಯಾದ ದಾರಿ ಎಂದು ಅಮ್ಮನಿಗೆ ವಿವರಿಸಿದೆ.

"ಆಗ್ಲಪ್ಪ," ಎಂದಳು ಅವಳು, ಎಂದೂ ಇಲ್ಲದ ವಿಧೇಯತೆಯಿಂದ. "ಯಾವುದನ್ನ ಮೊದಲು ನಿಲ್ಲಿಸ್ಲಿ, ನೀನೇ ಹೇಳು."

ಬೆರಳನ್ನು ನೋಡಿದೆ. ಅದು ಎಳ್ಳಿನಷ್ಟು ಎದ್ದು, ನಡುಗಿ, ಮತ್ತೆ ಬಿತ್ತು.

"ನಾಳೆಯಿಂದ," ಎಂದೆ, "ನಾನು ಎಚ್ಚರವಾಗಿದ್ದಾಗಲೇ ದೃಷ್ಟಿ ತೆಗಿ. ಕೈಯನ್ನ ಸರಿಯಾಗಿ ಹಿಡ್ಕೊಂಡು ಕೂತ್ಕೋತೀನಿ."